ಎದುರಾಳಿ ಹೋದ ಮೇಲೂ ನ್ಯಾಟೊ ಯಾಕೆ ಉಳಿಯಿತು?

ಪ್ರಶ್ನೆ: ಸೋವಿಯತ್ ಒಕ್ಕೂಟ 1991ರಲ್ಲೇ ಒಡೆಯಿತು. ಅದರ ವಿರುದ್ಧ ಅಮೆರಿಕ, ಯುರೋಪಿನ ದೇಶಗಳೆಲ್ಲ ಸೇರಿ ಕಟ್ಟಿದ ಸೇನಾ ಕೂಟ ನ್ಯಾಟೊ ಇನ್ನೂ ಯಾಕಿದೆ?
– ಓದುಗರೊಬ್ಬರು, ಬೀದರ್

ಉತ್ತರ: ನಿಮ್ಮೂರಿನಿಂದಲೇ ಶುರು ಮಾಡೋಣ. ಉದಗೀರ ರಸ್ತೆಯಲ್ಲಿ ಬೀದರಿನ ಸುಲ್ತಾನ ಅಲಿ ಬರೀದ್ ಶಾಹನ ಗೋರಿ ಇದೆಯಲ್ಲ, ನಾಲ್ಕೂ ಕಡೆ ತೆರೆದ ಕಮಾನಿನದು? 1565ರ ತಾಳಿಕೋಟೆ ಕದನದಲ್ಲಿ ಅವನು ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡದ ಸುಲ್ತಾನರ ಜೊತೆ ನಿಂತು ವಿಜಯನಗರದ ವಿರುದ್ಧ ಹೋರಾಡಿದ. ಕೂಟ ಗಟ್ಟಿಯಾಗಲೆಂದು ಅಹ್ಮದ್‌ನಗರದ ಚಾಂದ್ ಬೀಬಿಯನ್ನು ಬಿಜಾಪುರಕ್ಕೆ ಮದುವೆ ಮಾಡಿಕೊಟ್ಟಿದ್ದೂ ಆಗಿತ್ತು. ಗೆದ್ದ ಮೇಲೆ ಮತ್ತೆ ಹಳೇ ಜಗಳ. 1619ರಲ್ಲಿ ಬೀದರನ್ನು ನುಂಗಿದ್ದು ಅದೇ ಮಿತ್ರ ಬಿಜಾಪುರ.

1949ರಲ್ಲಿ 12 ದೇಶಗಳು ಕಟ್ಟಿದ ನ್ಯಾಟೊ ಹಾಗಾಗಲಿಲ್ಲ. ಯುದ್ಧ ಇಲ್ಲದಾಗಲೂ ಅದಕ್ಕೆ ಜಂಟಿ ಕಮಾಂಡ್ ಇದೆ, ಕಾಯಂ ಕಚೇರಿ ಇದೆ. ಬಂದೂಕಿನ ಗುಂಡಿಗೂ ಒಂದೇ ಅಳತೆ: 7.62 ಮಿ.ಮೀ., 5.56 ಮಿ.ಮೀ. ಜರ್ಮನಿಯ ಸೈನಿಕನ ಹತ್ತಿರ ಗುಂಡು ಮುಗಿದರೆ ನಾರ್ವೆಯವನದ್ದು ಹೊಂದುತ್ತದೆ. ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಇಷ್ಟು ಹೆಣೆದುಕೊಂಡ ಸೈನ್ಯಗಳನ್ನು ಬಿಡಿಸೋದು ಸುಲಭ ಅಲ್ಲ. 1966ರಲ್ಲಿ ಫ್ರಾನ್ಸ್ ಕಮಾಂಡಿನಿಂದ ಹೊರಬಂತು. ಆದರೆ ಕೂಟ ಬಿಡಲಿಲ್ಲ, 2009ರಲ್ಲಿ ಕಮಾಂಡಿಗೂ ವಾಪಸಾಯಿತು.

ಆಗ್ನೇಯ ಏಷ್ಯಾಕ್ಕೆಂದು 1954ರಲ್ಲಿ ಹುಟ್ಟಿದ ಇಂಥದೇ ಕೂಟ ಸಿಯಾಟೊಗೆ ಹೀಗೆ ಸ್ವಂತ ಸೇನಾ ಕಮಾಂಡ್ ಇರಲಿಲ್ಲ. ಪಾಕಿಸ್ತಾನ ಅದರ ಸದಸ್ಯ. 1965ರಲ್ಲೂ 1971ರಲ್ಲೂ ಆ ಕೂಟ ಅದರ ನೆರವಿಗೆ ಸೈನ್ಯ ಕಳಿಸಲಿಲ್ಲ. 1977ರಲ್ಲಿ ಅದು ಬಾಗಿಲು ಮುಚ್ಚಿತು.

ಇನ್ನೊಂದು ಕಾರಣ, ನ್ಯಾಟೊ ಕಾಲಕ್ಕೆ ತಕ್ಕಂತೆ ಕೆಲಸ ಬದಲಿಸಿಕೊಂಡಿತು. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲಾದಂತೆ ಅನ್ನುತ್ತದೆ ಅದರ 5ನೇ ವಿಧಿ. ಅಮೆರಿಕ ಯುರೋಪನ್ನು ಕಾಯಬೇಕೆಂದು ಬರೆದ ಮಾತು ಅದು. ಇಲ್ಲಿಯವರೆಗೆ ಅದನ್ನು ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅಮೆರಿಕಕ್ಕಾಗಿ! ಆಗ ನ್ಯಾಟೊದ ರಾಡಾರ್ ವಿಮಾನಗಳು ಅಟ್ಲಾಂಟಿಕ್ ದಾಟಿ ಹೋಗಿ ಅಮೆರಿಕದ ಆಕಾಶ ಕಾದವು.

2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಪೂರ್ತಿ ಯುದ್ಧ ಸಾರಿದ ಮೇಲೆ ಹಳೇ ಕೆಲಸವೇ ಮರಳಿ ಬಂತು. ಎಷ್ಟೋ ಕಾಲ ಹೊರಗೇ ಇದ್ದ ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಒಳಬಂದು ಸದಸ್ಯರು 32 ಆದರು.

ಈಗಿನ ತಕರಾರು ದುಡ್ಡಿನದು. ಅಮೆರಿಕದ ಗಮನ ಚೀನಾದ ಕಡೆ ಜಾಸ್ತಿಯಾಗಿದೆ, ಯುರೋಪಿನವರೇ ಖರ್ಚು ಹೊರಲಿ ಅನ್ನುತ್ತಿದೆ. 2035ರೊಳಗೆ ಜಿಡಿಪಿಯ 5 ಶೇಕಡಾ ರಕ್ಷಣೆಗೆ ಅಂತ 2025ರ ಹೇಗ್ ಸಭೆಯಲ್ಲಿ ಒಪ್ಪಿಕೊಂಡಿದ್ದಾರೆ. ಆಗಲೂ ಸ್ಪೇನ್ ತಕರಾರು ತೆಗೆದಿತ್ತು. ಕೂಟಕ್ಕೆ ರಷ್ಯಾಕ್ಕಿಂತ ಈ ಲೆಕ್ಕವೇ ಜಾಸ್ತಿ ಕಷ್ಟ ಕೊಡಬಹುದು ಅಂತ ನನಗನ್ನಿಸುತ್ತದೆ.