ಮರದ ಲೆಕ್ಕದಲ್ಲಿ ಸೇರದ ಮಣ್ಣು

ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಗುಡ್ಡ ಕಡಿದಾಗಲೆಲ್ಲ ಎಷ್ಟು ಮರ ಹೋಯಿತು, ಬದಲಿಗೆ ಎಷ್ಟು ಸಸಿ ನೆಡಬೇಕು ಎಂಬ ಚರ್ಚೆ ಏಳುತ್ತದೆ. ಆದರೆ ದೇಶದ ಅರಣ್ಯಗಳಲ್ಲಿರುವ ಇಂಗಾಲದ ಅರ್ಧಕ್ಕಿಂತ ಹೆಚ್ಚು ಪಾಲು ಮಣ್ಣಿನಲ್ಲಿದೆ ಎಂಬುದು ಭಾರತೀಯ ಅರಣ್ಯ ಸರ್ವೇಕ್ಷಣೆಯ 2021ರ ವರದಿಯ ಅಂದಾಜು. ಅದೂ ಮೇಲಿನ 30 ಸೆಂಟಿಮೀಟರ್ ಮಣ್ಣನ್ನಷ್ಟೇ ಲೆಕ್ಕಕ್ಕೆ ಹಿಡಿದು.

ಈ ಇಂಗಾಲ ಇರುವುದು ಎಲೆ, ಬೇರು ಕೊಳೆತು ಮಣ್ಣಿಗೆ ಸೇರಿದ ಸಾವಯವ ಅಂಶದಲ್ಲಿ. ಗಿಡಗಳು ಈ ಕೊಳೆತ ಅಂಶವನ್ನೇ ಉಣ್ಣುತ್ತವೆ ಎಂಬ ಹಳೆಯ ನಂಬಿಕೆಯನ್ನು 1840ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಅಲ್ಲಗಳೆದ ಮೇಲೆ ಗಮನ ರಾಸಾಯನಿಕ ಗೊಬ್ಬರದತ್ತ ತಿರುಗಿ, ಹವಾಮಾನದ ಆತಂಕ ಹುಟ್ಟುವವರೆಗೂ ಸಾವಯವ ಅಂಶ ಬಹುಮಟ್ಟಿಗೆ ಬದಿಗೆ ಸರಿದಿತ್ತು.

ನಮ್ಮ ಜಿಲ್ಲೆಗಳಲ್ಲಿ ಸಾವಯವ ಅಂಶದ ಕಥೆ ಬೇರೆ. ವರ್ಗ ಜಮೀನಿಗೆ, ಅಂದರೆ ಕೃಷಿಕರ ಸ್ವಂತ ಹಿಡುವಳಿಗೆ, ತಾಗಿದ ಸರ್ಕಾರಿ ಗುಡ್ಡದಿಂದ ನೂರು ಗಜದೊಳಗೆ ಸೊಪ್ಪು, ಸೌದೆ ತರುವ ಕುಮ್ಕಿ ಸೌಲಭ್ಯ ಇಲ್ಲಿಯ ಕೃಷಿಕರಿಗೆ ಬ್ರಿಟಿಷರ ಕಾಲದಿಂದಲೂ ಇತ್ತು. ಹಾಗೆ ತಂದ ಸೊಪ್ಪು, ತರಗೆಲೆ ಹಟ್ಟಿಯಲ್ಲಿ ದನಗಳ ಕಾಲಡಿ ಗೊಬ್ಬರವಾಗಿ ಬೈಲಿನ ಗದ್ದೆಗೂ ಅಡಿಕೆಯ ಬುಡಕ್ಕೂ ಸೇರುತ್ತಿತ್ತು. ಇದರಿಂದ ಗುಡ್ಡ ಸೊರಗಿತೆಂಬ ದೂರು ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಎಲೆಯೊಡನೆ ಪೋಷಕಾಂಶವೂ ಇಳಿದುಬರುತ್ತಿತ್ತು. ಆದರೆ ಉದುರಿದ ಎಲೆಯ ಇಂಗಾಲದ ಬಹುಪಾಲು, ಯಾರೂ ಗುಡಿಸದಿದ್ದರೂ, ಕೆಲವು ಮಳೆಗಾಲಗಳಲ್ಲೇ ಗಾಳಿಗೆ ಮರಳುತ್ತದೆ. ದೀರ್ಘಕಾಲ ಉಳಿಯುವುದರಲ್ಲಿ ದೊಡ್ಡ ಪಾಲು ಬೇರನ್ನೂ ಎಲೆಯನ್ನೂ ತಿಂದು ಸತ್ತ ಸೂಕ್ಷ್ಮಜೀವಿಗಳ ಅವಶೇಷ. ಅದರಲ್ಲೂ ಬೇರಿನಿಂದ ಬಂದದ್ದೇ ಹೆಚ್ಚು. ಅದು ಜೇಡಿಗೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಅಂಟಿಕೊಂಡು, ಮಣ್ಣಿನ ಸಣ್ಣ ಉಂಡೆಗಳ ಒಳಗೆ ಅಡಗಿಕೊಳ್ಳುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನಾಡಿನ ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿರುವುದೂ ಇದೇ ಕಬ್ಬಿಣದ ಆಕ್ಸೈಡು. ಕೊಳೆಯದ ದೊಡ್ಡ ಅಣುಗಳಿಂದಾಗಿಯೇ ಇಂಗಾಲ ಉಳಿಯುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 2015ರಲ್ಲಿ ಮಣ್ಣುವಿಜ್ಞಾನಿಗಳಾದ ಲೆಹ್ಮನ್ ಮತ್ತು ಕ್ಲೆಬರ್ ಆ ವಿವರಣೆಯನ್ನು ನೇರವಾಗಿ ಪ್ರಶ್ನಿಸಿದರು.

ಚೀಲದ ಗೊಬ್ಬರ ಬಂತು, ಹಟ್ಟಿ ಬರಿದಾಯಿತು, ಸೊಪ್ಪು ತರುವವರು ಕಡಿಮೆಯಾದರು. ಗುಡ್ಡ ಚೇತರಿಸಿಕೊಳ್ಳಬೇಕಾದ ಹೊತ್ತಿಗೆ ಅಕೇಶಿಯಾ, ರಬ್ಬರ್ ಬಂದವು, ಅವುಗಳ ಬೆನ್ನಿಗೇ ಜೆಸಿಬಿಯೂ ಬಂತು. ಕತ್ತಿ, ಬುಟ್ಟಿ ಹಿಡಿದವರು ಮುಟ್ಟದೆ ಬಿಟ್ಟಿದ್ದ ಆಳವನ್ನು ಯಂತ್ರ ಒಂದೇ ದಿನದಲ್ಲಿ ಬಗೆಯುತ್ತದೆ. ಉಂಡೆಗಳು ಒಡೆದಾಗ ಒಳಗಿನ ಅಂಶ ಸೂಕ್ಷ್ಮಜೀವಿಗಳಿಗೆ ಸಿಗುತ್ತದೆ, ಸಡಿಲಗೊಂಡ ಮಣ್ಣು ಆಟಿ ತಿಂಗಳ ಜೋರು ಮಳೆಗೆ ಕೊಚ್ಚಿಹೋಗಿ ಹೊಳೆಯ ನೀರು ಕೆಂಪಾಗುತ್ತದೆ. ಬದಲಿ ಸಸಿಗಳನ್ನು ಎಷ್ಟೋ ಕಡೆ ನೆಡುವುದು ಹೀಗೆ ಮೇಲ್ಮಣ್ಣು ಕಳೆದುಕೊಂಡ ಜಾಗದಲ್ಲೇ. ಗುಂಡಿಗೆ ತುಂಬಲು ಕಾಡುಮಣ್ಣು ಇನ್ನೊಂದು ಗುಡ್ಡದಿಂದ ಬರುತ್ತದೆ.