ಲೆಕ್ಕಕ್ಕೆ ಸಿಗದ ಫಿಟ್ಸ್

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕನ ಮನೆ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಚಾಕಿ ಹುಳ, ಅಂದರೆ ಎಳೆಯ ರೇಷ್ಮೆ ಹುಳ ತಂದ ದಿನ ಎಲ್ಲ ಬರೆದಿರುತ್ತಾಳೆ. ನಡುನಡುವೆ ಕೆಂಪು ಪೆನ್ನಿನ ಇಂಟು ಗುರುತು. ಹದಿನಾಲ್ಕು ವರ್ಷದ ಮಗಳಿಗೆ ಫಿಟ್ಸ್ ಬಂದ ದಿನಗಳವು. ಡಾಕ್ಟರ್ ಪ್ರತಿ ಸಲ ಕೇಳುವ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ಸಲ ಬಂತಮ್ಮ?" ಅಕ್ಕ ಗುರುತು ಎಣಿಸಿ ಹೇಳುತ್ತಾಳೆ. ಮಾತ್ರೆ ಜಾಸ್ತಿ ಮಾಡುವುದೋ ಬದಲಿಸುವುದೋ, ಆ ಲೆಕ್ಕ ನೋಡಿಯೇ ತೀರ್ಮಾನ.

ಆದರೆ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಎದ್ದರೆ ಮುಗಿಯಿತು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ತನಕ ಸುಮಾರು ಒಂದು ವಾರ, ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಅಕ್ಕ, ಭಾವ ಇಬ್ಬರೂ ಹುಳದ ಮನೆಯಲ್ಲೇ. ಹುಡುಗಿ ಒಬ್ಬಳೇ ಮಲಗುತ್ತಾಳೆ. ಕೆಲವು ಬೆಳಗ್ಗೆ ದಿಂಬಿನ ಮೇಲೆ ರಕ್ತ ಬೆರೆತ ಜೊಲ್ಲು, ಕಚ್ಚಿಕೊಂಡ ನಾಲಿಗೆ, ಮೈಕೈ ನೋವು. ರಾತ್ರಿ ಏನಾಯಿತು ಅಂತ ಅವಳಿಗೇ ಗೊತ್ತಿಲ್ಲ.

ಇದು ಅಕ್ಕನ ಮನೆಯ ಕಥೆ ಮಾತ್ರ ಅಲ್ಲ. ಜರ್ಮನಿಯ ಬಾನ್ ನಗರದಲ್ಲಿ ಆಸ್ಪತ್ರೆಯಲ್ಲಿದ್ದ ರೋಗಿಗಳಿಗೆ, ಫಿಟ್ಸ್ ಬಂದಾಗಲೆಲ್ಲ ಬರೆದಿಡಿ ಎಂದು ಹೇಳಿದ್ದರು. ಜೊತೆಗೆ ವಿಡಿಯೊ ಮತ್ತು ಮಿದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ಇಇಜಿ ಓಡುತ್ತಿತ್ತು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅರ್ಧಕ್ಕೂ ಜಾಸ್ತಿ ಫಿಟ್ಸ್ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ನಿದ್ದೆಯಲ್ಲಿ ಬಂದವಂತೂ ಬಹುಪಾಲು ತಪ್ಪಿಹೋಗಿದ್ದವು.

ಫಿಟ್ಸ್ ಗುರುತು ಹಿಡಿಯುವ, ಮೈಗೆ ತೊಡುವ ಯಂತ್ರಗಳ ಮೇಲೆ ನನಗೆ ಆಸೆ ಹುಟ್ಟುವುದು ಇದಕ್ಕೇ. ಮಿದುಳಿನ ಕೋಶಗಳು ಸಣ್ಣ ಸಣ್ಣ ವಿದ್ಯುತ್ತಿನಲ್ಲಿ ಮಾತಾಡುತ್ತವೆ. ಸಂತೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು ಇರುತ್ತದಲ್ಲ, ಹಾಗೆ. ಫಿಟ್ಸ್ ಬಂದಾಗ ಲಕ್ಷಾಂತರ ಕೋಶಗಳು ಒಂದೇ ತಾಳಕ್ಕೆ ಬೀಳುತ್ತವೆ. ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ತಲೆಯಿಂದ ಮೊದಲ ಬಾರಿ ಈ ವಿದ್ಯುತ್ತನ್ನು ಗೆರೆಯಾಗಿ ಹಿಡಿದರು. ಅದೇ ಇಇಜಿ. ನೆತ್ತಿಯ ಮೇಲೆ ಸಿಗುವ ಈ ವಿದ್ಯುತ್ ಸಾಮಾನ್ಯವಾಗಿ ಟಾರ್ಚ್ ಸೆಲ್ಲಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಆಸ್ಪತ್ರೆಯಲ್ಲಿ ಮಾಮೂಲಿ ಇಇಜಿ ಅರ್ಧ ಗಂಟೆಯ ಕೆಲಸ. ಸರಿಯಾಗಿ ಆ ಅರ್ಧ ಗಂಟೆಯಲ್ಲೇ ಫಿಟ್ಸ್ ಬರಬೇಕಲ್ವಾ? ಮನೆಯಲ್ಲೇ ದಿನಗಟ್ಟಲೆ ಇಇಜಿ ಓಡಿಸಿದರೆ ಸಿಗುವ ಸಾಧ್ಯತೆ ಜಾಸ್ತಿ. ಹಾಗಂತ ತಲೆತುಂಬ ತಂತಿ ಅಂಟಿಸಿಕೊಂಡು ಶಾಲೆಗೆ ಹೋಗಲಾಗದು. ಎಣ್ಣೆ ಹಚ್ಚಿದ ಕೂದಲಲ್ಲಿ ತಂತಿ ಸರಿಯಾಗಿ ಕೂರುವುದೂ ಇಲ್ಲ. ಅದಕ್ಕೇ ಕೂದಲಿಲ್ಲದ ಜಾಗ, ಕಿವಿಯ ಹಿಂದೆ ಅಂಟಿಸುವ ಪುಟ್ಟ ಇಇಜಿಗಳು ಬಂದಿವೆ. ಇನ್ನು ಕೆಲವು ಕೈಗೆ ಕಟ್ಟುವ ವಾಚಿನಂಥವು. ಇವು ಮಿದುಳನ್ನು ನೋಡುವುದಿಲ್ಲ, ಕೈಯ ಅದುರಾಟ ಮತ್ತು ಚರ್ಮದ ಬೆವರನ್ನು ನೋಡುತ್ತವೆ. ಅಂಥದ್ದೊಂದಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಕೈಕಾಲು ಜೋರಾಗಿ ಅದುರುವ ಫಿಟ್ಸ್‌ಗೆ ವಾಚು ಬಹುಮಟ್ಟಿಗೆ ಸಾಕು. ಆದರೆ ಕೆಲವು ಮಕ್ಕಳು ಅದುರುವುದೇ ಇಲ್ಲ. ಹತ್ತು ಸೆಕೆಂಡು ಸುಮ್ನೆ ಶೂನ್ಯ ನೋಡುತ್ತಾ ಕೂತಿರುತ್ತಾರೆ, ಪಾಠದಲ್ಲಿ ಗಮನವಿಲ್ಲ ಅಂತ ಬೈಸಿಕೊಳ್ಳುತ್ತಾರೆ. ಇಇಜಿಯಲ್ಲಿ ಅದು ಸೆಕೆಂಡಿಗೆ ಸುಮಾರು ಮೂರರಂತೆ ಏಳುವ ಚೂಪು ಅಲೆಗಳಾಗಿ ಎದ್ದು ಕಾಣುತ್ತದೆ. ವಾಚಿಗೆ ಕಾಣುವುದೇ ಇಲ್ಲ.

ಕಷ್ಟ ಇರುವುದು ಗುರುತು ಹಿಡಿಯುವುದರಲ್ಲಿ. ರೊಟ್ಟಿ ಅಗಿದರೂ ದವಡೆಯ ಸ್ನಾಯುವಿನ ವಿದ್ಯುತ್ತು ಮಿದುಳಿನದನ್ನು ಮುಚ್ಚಿಬಿಡುತ್ತದೆ. ಅದಕ್ಕೇ ವೈದ್ಯರು ಗುರುತು ಹಾಕಿಟ್ಟ ನೂರಾರು ಗಂಟೆಗಳ ಇಇಜಿಯನ್ನು ಕಂಪ್ಯೂಟರಿಗೆ ತೋರಿಸಿ ಕಲಿಸುತ್ತಾರೆ. ಕಲಿತ ಮೇಲೂ ಒಂದು ತೂಗಾಟ ಉಳಿಯುತ್ತದೆ. ಒಂದು ಫಿಟ್ಸೂ ತಪ್ಪಬಾರದೆಂದು ಬಿಗಿ ಮಾಡಿದರೆ ಸುಳ್ಳು ಅಲಾರಂ ಜಾಸ್ತಿ. ದಿನಕ್ಕೆ ನಾಲ್ಕು ಸಲ ಸುಳ್ಳೇ ಕೂಗಿದರೆ ನಮ್ಮಕ್ಕ ಅದನ್ನು ತೆಗೆದು ಬೀರುವಿನಲ್ಲಿಡುತ್ತಾಳೆ. ತಪ್ಪು ಅವಳದಲ್ಲ.

ಯಂತ್ರ ಫಿಟ್ಸನ್ನು ನಿಲ್ಲಿಸುವುದೂ ಇಲ್ಲ. ಅಲಾರಂ ಕೇಳಿ ಯಾರಾದರೂ ಓಡಿಬರಬೇಕು. ಬಂದವರು ಮಗ್ಗುಲಿಗೆ ಮಲಗಿಸಬೇಕು. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಖಂಡಿತ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು.

ನಿಮ್ಹಾನ್ಸ್ ವೈದ್ಯರು ಹಿಂದೆ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನರ ಸಮೀಕ್ಷೆ ಮಾಡಿದ್ದರು. ಅದರಲ್ಲಿ ಹಳ್ಳಿಗಳಲ್ಲಿ ಈ ಕಾಯಿಲೆ ಪಟ್ಟಣದ ಎರಡರಷ್ಟು ಕಂಡಿತ್ತು. ಯಂತ್ರ ಮೊದಲು ತಲುಪಬೇಕಾದ್ದು ಎಲ್ಲಿಗೆ ಅನ್ನುವುದು ನನಗಂತೂ ಸ್ಪಷ್ಟ.

ಹೋದ ಸಲ ಡಾಕ್ಟರಿಗೆ ದಿಂಬಿನ ವಿಷಯ ಹೇಳಿದೆವು. ಅದನ್ನೂ ಬೇರೆ ಗುರುತಲ್ಲಿ ಬರೆಯಿರಿ ಅಂದರು. ಈಗ ಅಜ್ಜಿಯ ಮಂಚ ಹುಡುಗಿಯ ಕೋಣೆಗೆ ಬಂದಿದೆ. ಕ್ಯಾಲೆಂಡರಿನಲ್ಲಿ ಕಣ್ಣಾರೆ ಕಂಡಿದ್ದಕ್ಕೆ ಇಂಟು, ಅನುಮಾನಕ್ಕೆ ಸೊನ್ನೆ. ಕಳೆದ ತಿಂಗಳು ಇಂಟು ಎರಡು, ಸೊನ್ನೆ ಐದು.