ಅಲ್ಲಿ ಸುಣ್ಣ ಮದ್ದು, ಇಲ್ಲಿ ಸುಣ್ಣ ಕಾಟ

ನಮ್ಮ ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಉತ್ತರ ಕನ್ನಡದ ಶಿರಸಿ 600ರ ಆಸುಪಾಸು. ಎತ್ತರವೊಂದೇ ಮಳೆ ತರುವಂತಿದ್ದರೆ ನಮ್ಮ ಗುಬ್ಬಿ, ತುರುವೇಕೆರೆಯ ಅಡಿಕೆ ತೋಟಗಳು ಕೊಳವೆಬಾವಿಯನ್ನೇ ನೆಚ್ಚಿ ಕೂರಬೇಕಿರಲಿಲ್ಲ. ಅರಬ್ಬಿ ಸಮುದ್ರದ ತೇವದ ಗಾಳಿ ಕುಮಟಾ, ಅಂಕೋಲಾದ ಕಿರಿದಾದ ಬಯಲು ದಾಟಿದ್ದೇ ಘಟ್ಟ ಅಡ್ಡ ಬರುತ್ತದೆ. ಗಾಳಿ ಮೇಲೇರಿ ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಮೋಡ ಕರಗುತ್ತದೆ. ಕರಾವಳಿಯ ಪಾಲು ವರ್ಷಕ್ಕೆ ಸುಮಾರು 3,000 ಮಿ.ಮೀ.; ನಮ್ಮದು 600–700.

ಉತ್ತರ ಕನ್ನಡದ ಬಹುಪಾಲು ಕಾಡು. ಉಳುವ ನೆಲ ಕಡಿಮೆ, ಹಾಗಾಗಿ ಅಡಿಕೆ ಕಣಿವೆಗೆ ಇಳಿದಿದೆ. ಗೊಬ್ಬರಕ್ಕೂ ಕಾಡೇ ಆಧಾರ: ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು ಕೊಟ್ಟಿಗೆ ಹೊಕ್ಕು, ದನದ ಕಾಲ್ತುಳಿತಕ್ಕೆ ಸಿಕ್ಕಿ, ತೋಟ ಸೇರುತ್ತದೆ. ನಮ್ಮ ಕಡೆ ಆ ಕೆಲಸ ಕೆರೆಗೋಡಿನದು (ಕೆರೆಯ ಹೂಳಿನದು), ಕುರಿಗೊಬ್ಬರದ್ದು. ಕಾಳಿ, ಶರಾವತಿಯ ನೀರು ಇಲ್ಲಿಗೆ ಬಾರದಿದ್ದರೂ ಪಂಪ್‌ಸೆಟ್ಟಿನ ಕರೆಂಟಿನಲ್ಲಿ ಅವುಗಳ ಪಾಲಿದೆ.

ಅಷ್ಟು ಮಳೆಗೆ ಬೆಲೆಯೂ ಇದೆ, ಕೊಳೆರೋಗ. ಎಳೆಕಾಯಿಗೆ ನೀರು ನೆನೆದಂಥ ಕಲೆ ಬಿದ್ದು ಗೊನೆಯಿಂದ ಕಾಯಿ ಉದುರುತ್ತದೆ. ಮಳೆಗಾಲಕ್ಕೆ ಮೊದಲೊಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯಬೇಕು. 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಟ್ಟ ಸುಣ್ಣ 1 ಕೆ.ಜಿ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೂರನೆಯದಕ್ಕೆ ಒಟ್ಟಿಗೇ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ಆಮೇಲೆ ಉಜ್ಜಿ ಹೊಳೆಯಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ: ಅಲಗಿಗೆ ಕೆಂಪು ತಾಮ್ರ ಹತ್ತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಕಾಯಿ ಸುಡುತ್ತದೆ. ಕಲಸಿದ್ದು ಅಂದೇ ಮುಗಿಯಬೇಕು. ನಾಳೆಗಿಟ್ಟರೆ ಕಾಯಿಗೆ ಅಂಟುವ ಗುಣ ಕಳೆದುಕೊಳ್ಳುತ್ತದೆ.

ಶಿರಸಿಯವರು ಹೊಡೆಯುತ್ತಾರೆಂದು ಗುಬ್ಬಿಯಲ್ಲೂ ಜೂನ್ ಬಂತೆಂದರೆ ಮೈಲುತುತ್ತ ಕೊಳ್ಳುವುದು ದುಡ್ಡು ದಂಡ. ಇಲ್ಲಿನ ಗಂಡಾಂತರ ಫೆಬ್ರವರಿಯಿಂದ ಮೇ ತನಕ: ಮರವೊಂದಕ್ಕೆ ದಿನಕ್ಕೆ 16–20 ಲೀಟರ್ ನೀರು ಬೇಕು. ಗಂಟೆಗೆ 4 ಲೀಟರ್ ತೊಟ್ಟಿಕ್ಕುವ ಎರಡು ಡ್ರಿಪ್ಪರ್ ಇದ್ದರೆ ಎರಡರಿಂದ ಎರಡೂವರೆ ಗಂಟೆ ಬಿಟ್ಟರಾಯಿತು, ಲೆಕ್ಕದಲ್ಲಿ. ತೋಟದಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಡ್ರಿಪ್ಪರ್ ಕೆಳಗೊಂದು ಲೀಟರ್ ಬಾಟಲಿ ಇಡಿ. ಕಾಲು ಗಂಟೆಗೆ ತುಂಬಬೇಕು. ಅರ್ಧ ಗಂಟೆ ಹಿಡಿಯಿತೆಂದರೆ ಮರಕ್ಕೆ ಸಿಗುತ್ತಿರುವುದು ಅರ್ಧವೇ ನೀರು. ಗಡಸು ನೀರಿನ ಕೊಳವೆಬಾವಿಯಾದರೆ ಮೊದಲು ಡ್ರಿಪ್ಪರ್ ಬಾಯಿ ನೋಡಿ. ಬಿಳಿಯ ಸುಣ್ಣ ಕಟ್ಟಿಕೊಂಡಿರುತ್ತದೆ.